ಡಾಸ್ ಆಟ ಏಳದಿದ್ದಾಗ: ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ದೋಷ ಹುಡುಕುವ ಬಗೆ

ದಸರಾ ರಜೆಯಲ್ಲಿ ಭಾವ ಫೋನ್ ಮಾಡಿದರು. ಹೊಸ ಮ್ಯಾಕ್ ಕೊಂಡಿದ್ದರು. ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ತಾವು ಆಡುತ್ತಿದ್ದ ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಡಾಸ್ ಆಟವನ್ನು (ಡಾಸ್ ಎಂದರೆ ವಿಂಡೋಸ್‌ಗೂ ಹಿಂದಿನ, ಆದೇಶ ಟೈಪ್ ಮಾಡಿ ನಡೆಸುವ ವ್ಯವಸ್ಥೆ) ಮಗನಿಗೆ ತೋರಿಸಬೇಕಂತೆ, ಅದು ಏಳುತ್ತಲೇ ಇಲ್ಲವಂತೆ. "ತೆರೆಯ ಮೇಲೆ ಏನು ಬರುತ್ತಿದೆ?" ಎಂದು ಕೇಳಿದೆ. "ಏನೂ ಇಲ್ಲ" ಎಂದರು. ಅರ್ಧ ಗಂಟೆ ಕೆದಕಿದ ಮೇಲೆ ಗೊತ್ತಾಯಿತು, ತೆರೆಯ ಮೇಲೆ ಎರಡು ಸಾಲು ಇಂಗ್ಲಿಷ್ ಇತ್ತು. ಅವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ಎರಡು ಸಾಲುಗಳಲ್ಲೇ ಕಾಯಿಲೆಯ ಹೆಸರಿತ್ತು.

ಅಂದಿನಿಂದ ಯಾರು ಕೇಳಿದರೂ ಇದನ್ನೇ ಮೊದಲು ಹೇಳುತ್ತೇನೆ: ಇಲ್ಲಿ ಒಂದಲ್ಲ, ಮೂರು ಯಂತ್ರಗಳಿವೆ. ಮೇಜಿನ ಮೇಲಿರುವ ನಿಜವಾದ ಯಂತ್ರ ಒಂದು. ಅದರೊಳಗೆ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್ ಕಟ್ಟಿಕೊಡುವ ನಟನೆಯ ಯಂತ್ರ ಇನ್ನೊಂದು. ತಾನು ಎಂಥದರ ಮೇಲೆ ಓಡುತ್ತಿದ್ದೇನೆ ಎಂದು ಆಟ ನಂಬಿಕೊಂಡಿರುವ ಯಂತ್ರ ಮೂರನೆಯದು. ನಾನು ಕಂಡ ದೋಷಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಯಾವುದೋ ಎರಡರ ನಡುವಿನ ಮನಸ್ತಾಪ. ಜಗಳ ಯಾವ ಎರಡರ ನಡುವೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಗೊತ್ತಾಗುವ ಮೊದಲೇ ಹತ್ತು ಸೆಟ್ಟಿಂಗ್ ಬದಲಿಸಿದರೆ ಮನಸ್ತಾಪಗಳೂ ಹತ್ತಾಗುತ್ತವೆ.

ನಟನೆ ಏಕೆ ಬೇಕು ಎಂಬುದಕ್ಕೆ ಉತ್ತರ ಚಿಕ್ಕದು. ಡಾಸ್ ಆಟಗಳನ್ನು ಬರೆದದ್ದು ಇಂಟೆಲ್ 8086 ಮತ್ತು ಅದರ ವಂಶದ ಚಿಪ್‌ಗಳಿಗೆ. ಈಗಿನ ಮ್ಯಾಕ್‌ನ ಎಂ ಸರಣಿಯ ಚಿಪ್‌ಗೆ ಆ ಭಾಷೆಯೇ ಬರುವುದಿಲ್ಲ. ಲಿನಕ್ಸ್ ಓಡುವ ಪಿ.ಸಿ.ಯ ಚಿಪ್ ಅದೇ ವಂಶದ್ದಾದರೂ 64 ಬಿಟ್ ಸ್ಥಿತಿಗೆ ಬಂದ ಮೇಲೆ ಹಳೆಯ 8086 ವೇಷ ಹಾಕುವ ಸೌಲಭ್ಯವನ್ನು ಬಿಟ್ಟುಬಿಡುತ್ತದೆ. ಹಾಗಾಗಿ 2002ರಿಂದ ಇರುವ ಡಾಸ್‌ಬಾಕ್ಸ್, ಅಥವಾ ಅದರಿಂದ ಕವಲೊಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್, ಡಾಸ್‌ಬಾಕ್ಸ್ ಎಕ್ಸ್. ಹೊಸದಾಗಿ ಶುರು ಮಾಡುವವರಿಗೆ ಸ್ಟೇಜಿಂಗ್ ಸಾಕು ಎಂಬುದು ನನ್ನ ಅಭಿಪ್ರಾಯ. ಹಳೆಯ 0.74 ಸರಣಿಯೂ ಇನ್ನೂ ಬಹಳ ಕಡೆ ಇದೆ, ಆದ್ದರಿಂದ ಎರಡನ್ನೂ ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ.

ಡಾಸ್‌ಬಾಕ್ಸ್ ಕಿಟಕಿಯೇ ತೆರೆಯುವುದಿಲ್ಲ

ಇದು ಮೊದಲ ಯಂತ್ರದ ತಕರಾರು. ಆಟದ ಫೈಲ್‌ಗಳನ್ನು ಮುಟ್ಟಬೇಡಿ.

ಮ್ಯಾಕ್‌ನಲ್ಲಿ ಎರಡು ಕಾರಣಗಳು ಸಾಮಾನ್ಯ. 2019ರ ಕ್ಯಾಟಲೀನಾದಿಂದ ಮ್ಯಾಕ್ ಒ.ಎಸ್. 32 ಬಿಟ್ ಆ್ಯಪ್‌ಗಳನ್ನು ಓಡಿಸುವುದನ್ನೇ ನಿಲ್ಲಿಸಿತು. ಅದಕ್ಕೂ ಹಿಂದೆ ಕೊಂಡ ಅನೇಕ ಹಳೆಯ ಆಟಗಳು 32 ಬಿಟ್ ಡಾಸ್‌ಬಾಕ್ಸ್ ಅನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದವು. ಆಟ ಹಾಳಾಗಿಲ್ಲ, ಹೊತ್ತು ತಂದ ಗಾಡಿ ಕೆಟ್ಟಿದೆ ಅಷ್ಟೇ. ಆ್ಯಪ್‌ನ ಮೇಲೆ ಬಲ ಕ್ಲಿಕ್ ಮಾಡಿ 'ಶೋ ಪ್ಯಾಕೇಜ್ ಕಂಟೆಂಟ್ಸ್' ಒತ್ತಿ ಒಳಹೊಕ್ಕರೆ ಎಲ್ಲೋ ಒಂದು ಫೋಲ್ಡರಿನಲ್ಲಿ ಆಟದ ಮೂಲ ಫೈಲ್‌ಗಳು ಸಿಗುತ್ತವೆ. ಅವನ್ನು ಹೊರಗೆ ನಕಲು ಮಾಡಿ ಹೊಸ ಡಾಸ್‌ಬಾಕ್ಸ್‌ಗೆ ಕೊಡಿ.

ಎರಡನೆಯದು ಕಾವಲುಗಾರನ ಕಾಟ. ಅಂತರ್ಜಾಲದಿಂದ ಇಳಿಸಿಕೊಂಡ, ಆ್ಯಪಲ್‌ನ ಮುದ್ರೆಯಿಲ್ಲದ ಆ್ಯಪ್ ಅನ್ನು ಮ್ಯಾಕ್ ತಡೆಯುತ್ತದೆ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ತೆರೆಯುವ ಹಳೆಯ ದಾರಿಯನ್ನು 2024ರ ಸಿಕೋಯಾದಲ್ಲಿ ಮುಚ್ಚಿದ್ದಾರೆ. ಈಗ ಒಮ್ಮೆ ತೆರೆಯಲು ಯತ್ನಿಸಿ, ಬೈಸಿಕೊಂಡು, ಆಮೇಲೆ ಸಿಸ್ಟಮ್ ಸೆಟ್ಟಿಂಗ್ಸ್‌ನ 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ' ವಿಭಾಗಕ್ಕೆ ಹೋಗಿ 'ಓಪನ್ ಎನಿವೇ' ಒತ್ತಬೇಕು. ಭಾವನ ಎರಡು ಸಾಲುಗಳಲ್ಲಿ ಇದ್ದದ್ದು ಇದೇ ಎಚ್ಚರಿಕೆ.

ಲಿನಕ್ಸ್‌ನಲ್ಲಿ ಹೀಗಾಗುವುದು ಅಪರೂಪ. ಆದರೂ ಐಕಾನ್ ಒತ್ತಿ ಕಾಯುತ್ತ ಕೂರುವ ಬದಲು ಟರ್ಮಿನಲ್‌ನಿಂದಲೇ ಓಡಿಸಿ ನೋಡಿ. ಏಕೆ ಸತ್ತಿತು ಎಂಬುದನ್ನು ಅದು ಅಲ್ಲೇ ಬರೆದುಕೊಡುತ್ತದೆ.

ಕಿಟಕಿ ತೆರೆಯಿತು, ಆಟ ಸಿಗುತ್ತಿಲ್ಲ

'ಜೆಡ್:' ಎಂಬ ಪ್ರಾಂಪ್ಟ್ ಬಂದು, ಆಟದ ಹೆಸರು ಬರೆದರೆ 'ಇಲ್ಲೀಗಲ್ ಕಮಾಂಡ್' ಎಂದರೆ ಗಾಬರಿ ಬೇಡ. ನಿಮ್ಮ ಡಿಸ್ಕ್ ಅನ್ನು ಡಾಸ್‌ಬಾಕ್ಸ್ ಇನ್ನೂ ಕಂಡಿಲ್ಲ. 'ಮೌಂಟ್ ಸಿ ~/ಡಾಸ್‌ಗೇಮ್ಸ್' ಎಂದು ಕೊಟ್ಟು, 'ಸಿ:' ಒತ್ತಿ, 'ಡಿರ್' ಕೇಳಿ. ಹೆಸರಿನ ನಡುವೆ ಜಾಗ ಬಿಟ್ಟ ಫೋಲ್ಡರಾದರೆ ಇಡೀ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಹೋಮ್ ಫೋಲ್ಡರನ್ನು ಪೂರ್ತಿಯಾಗಿ ಮೌಂಟ್ ಮಾಡುವ ಸೋಮಾರಿತನ ಬೇಡ. ಹಳೆಯ ಆಟಗಳು ಕೇಳದೇ ಫೈಲ್ ಅಳಿಸಿದ್ದುಂಟು, ಮದುವೆಯ ಫೋಟೊಗಳು ಅವುಗಳ ಕೈಗೆ ಸಿಗುವುದು ಏಕೆ?

'ಡಿರ್' ಕೇಳಿದಾಗ ಫೋಲ್ಡರ್ ಖಾಲಿ ಎಂದು ಬಂದರೆ ನಿಜಕ್ಕೂ ಕುತೂಹಲದ ವಿಷಯ. ಫೈಂಡರ್‌ನಲ್ಲಿ ಫೈಲ್‌ಗಳು ಕಾಣುತ್ತಿವೆ, ಡಾಸ್‌ಬಾಕ್ಸ್‌ಗೆ ಮಾತ್ರ ಇಲ್ಲ. ಮ್ಯಾಕ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರು ಫೋಲ್ಡರ್‌ಗಳನ್ನು ನೋಡಲು ಪ್ರತಿಯೊಂದು ಆ್ಯಪ್ ಕೂಡ ಅನುಮತಿ ಕೇಳಬೇಕು. ಮೊದಲ ಸಲ ಬಂದ ಪ್ರಶ್ನೆಗೆ ನೀವು ಅವಸರದಲ್ಲಿ 'ಬೇಡ' ಒತ್ತಿದ್ದರೆ ಅದು ಮತ್ತೆ ಕೇಳುವುದಿಲ್ಲ, ಸುಮ್ಮನೆ ಬಾಗಿಲು ಹಾಕಿಕೊಳ್ಳುತ್ತದೆ. 'ಫೈಲ್ಸ್ ಆ್ಯಂಡ್ ಫೋಲ್ಡರ್ಸ್' ಅನುಮತಿಯನ್ನು ಸರಿಪಡಿಸಬಹುದು. ನಾನಂತೂ ಆಟಗಳನ್ನು ಹೋಮ್ ಫೋಲ್ಡರಿನಲ್ಲೇ ಪ್ರತ್ಯೇಕ ಜಾಗದಲ್ಲಿ ಇಟ್ಟು ಈ ರಗಳೆಯಿಂದ ಪಾರಾಗಿದ್ದೇನೆ.

ಲಿನಕ್ಸ್‌ನಲ್ಲಿ ಇದೇ ಲಕ್ಷಣ ಬೇರೆ ಮುಖದಲ್ಲಿ ಬರುತ್ತದೆ. ಡಾಸ್‌ಬಾಕ್ಸ್ ಅನ್ನು ಫ್ಲ್ಯಾಟ್‌ಪ್ಯಾಕ್ ಆಗಿ (ಆ್ಯಪ್‌ಗೆ ಸುತ್ತ ಬೇಲಿ ಹಾಕಿ ಕೊಡುವ ಪ್ಯಾಕೇಜ್) ಹಾಕಿಕೊಂಡಿದ್ದರೆ ಅದಕ್ಕೆ ಅನುಮತಿ ಕೊಟ್ಟ ಫೋಲ್ಡರ್ ಬಿಟ್ಟು ಬೇರೇನೂ ಕಾಣದು. ಫ್ಲ್ಯಾಟ್‌ಸೀಲ್ ಎಂಬ ಆ್ಯಪ್‌ನಿಂದ ಆ ಪಟ್ಟಿಗೆ ನಿಮ್ಮ ಫೋಲ್ಡರನ್ನು ಸೇರಿಸಬಹುದು. ಅಂಥದೇ ಬೇಲಿಯ ಇನ್ನೊಂದು ಬಗೆಯಾದ ಸ್ನ್ಯಾಪ್ ಆಗಿದ್ದರೆ ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳಾಗಲೀ ಬೇರೆ ಡಿಸ್ಕ್‌ಗಳಾಗಲೀ ಸಾಮಾನ್ಯವಾಗಿ ಕೈಗೆಟಕುವುದಿಲ್ಲ. ಪರೀಕ್ಷೆ ಸುಲಭ: ನಿಮ್ಮ ಲಿನಕ್ಸ್ ವಿತರಣೆಯ ಸ್ವಂತ ಪ್ಯಾಕೇಜ್‌ನಲ್ಲಿ ಅದೇ ಫೋಲ್ಡರ್ ಕಾಣಿಸಿದರೆ ತಪ್ಪು ಬೇಲಿಯದು.

ಡಾಸ್‌ಬಾಕ್ಸ್ ತೆರೆದಿರುವಾಗಲೇ ಹೊರಗಿನಿಂದ ಫೈಲ್ ಸೇರಿಸಿದರೆ ಅದೂ ಕಾಣುವುದಿಲ್ಲ, ಒಳಗಿನ ಪಟ್ಟಿ ಹಳೆಯದೇ ಇರುತ್ತದೆ. 'ರೀಸ್ಕ್ಯಾನ್' ಎಂದು ಕೊಡಿ.

ಆಟ ಓಡುತ್ತದೆ, ಆದರೆ ಸೇವ್ ಆಗುತ್ತಿಲ್ಲ ಎಂಬ ದೂರೂ ಈ ಜಾತಿಯದ್ದೇ. ಸಿ.ಡಿ.ಯಿಂದ ನಕಲಾದ ಫೈಲ್‌ಗಳು ಲಿನಕ್ಸ್‌ನಲ್ಲಿ ಓದಲು ಮಾತ್ರ ಎಂಬ ಗುರುತನ್ನು ಹೊತ್ತು ಬರುವುದುಂಟು. ಇಡೀ ಫೋಲ್ಡರಿಗೆ ಬರೆಯುವ ಅನುಮತಿ ಕೊಟ್ಟರೆ ಸರಿಹೋಗುತ್ತದೆ.

ಬದಲಿಸಿದ ಸೆಟ್ಟಿಂಗ್ ನಾಟುತ್ತಿಲ್ಲ

ಮುಂದಿನದನ್ನೆಲ್ಲ ಓದುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ನಾನೇ ಒಂದು ಇಡೀ ಭಾನುವಾರವನ್ನು ಇದಕ್ಕೆ ಸುರಿದಿದ್ದೇನೆ. ಶಬ್ದ ಸರಿಪಡಿಸಲು ಹೋಗಿ ಒಂದು ಸಂರಚನಾ ಫೈಲನ್ನು ಇಪ್ಪತ್ತು ಸಲ ತಿದ್ದಿದೆ, ಒಂದು ಸಲವೂ ಪರಿಣಾಮವಿಲ್ಲ. ನಾನು ತಿದ್ದುತ್ತಿದ್ದದ್ದು ಹಳೆಯ ಆವೃತ್ತಿಯ ಫೈಲ್. ಹೊಸ ಡಾಸ್‌ಬಾಕ್ಸ್ ತನ್ನದೇ ಆವೃತ್ತಿಯ ಸಂಖ್ಯೆ ಹೊತ್ತ ಇನ್ನೊಂದು ಫೈಲನ್ನು ಮಾಡಿಕೊಂಡು ಅದನ್ನೇ ಓದುತ್ತಿತ್ತು.

0.74 ಸರಣಿ ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರಿನ ಅಡಗಿದ '.ಡಾಸ್‌ಬಾಕ್ಸ್' ಒಳಗೆ, ಮ್ಯಾಕ್‌ನಲ್ಲಿ ಲೈಬ್ರರಿಯ ಪ್ರಿಫರೆನ್ಸಸ್ ಒಳಗೆ ಈ ಫೈಲನ್ನು ಇಡುತ್ತದೆ. ಸ್ಟೇಜಿಂಗ್‌ನದು ಬೇರೆಯೇ ಫೈಲ್. ಊಹೆ ಮಾಡಬೇಡಿ, ಟರ್ಮಿನಲ್‌ನಲ್ಲಿ 'ಡಾಸ್‌ಬಾಕ್ಸ್ -ಪ್ರಿಂಟ್‌ಕಾನ್ಫ್' ಎಂದು ಕೊಟ್ಟರೆ ಯಾವ ಫೈಲ್ ಎಂದು ಅದೇ ಹೇಳುತ್ತದೆ. ಇನ್ನೂ ಅನುಮಾನವಿದ್ದರೆ ಫೈಲಿನ ಕೊನೆಯ 'ಆಟೊಎಕ್ಸೆಕ್' ಭಾಗದಲ್ಲಿ 'ಎಕೋ ನಮಸ್ಕಾರ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ತೆರೆದಾಗ ನಮಸ್ಕಾರ ಬರದಿದ್ದರೆ ನೀವು ಬೇರೆ ಯಾರದೋ ಮನೆಯಲ್ಲಿ ಪೀಠೋಪಕರಣ ಸರಿಸುತ್ತಿದ್ದೀರಿ.

ವೇಗ: ಹೆಚ್ಚಾದರೂ ಕಾಯಿಲೆ, ಕಡಿಮೆಯಾದರೂ ಕಾಯಿಲೆ

ಕಿಟಕಿಯ ನೆತ್ತಿಯಲ್ಲಿ 'ಸೈಕಲ್ಸ್' ಎಂಬ ಸಂಖ್ಯೆ ಇರುತ್ತದೆ. ಬಹಳ ಜನ ಅದನ್ನು ಮೆಗಾಹರ್ಟ್ಸ್ ಎಂದುಕೊಳ್ಳುತ್ತಾರೆ, ಅಲ್ಲ. ಪ್ರತಿ ಮಿಲಿಸೆಕೆಂಡಿಗೆ ಎಷ್ಟು ಆದೇಶಗಳನ್ನು ನಟಿಸಬೇಕು ಎಂಬ ಲೆಕ್ಕ ಅದು. 3000 ಎಂದರೆ ಸೆಕೆಂಡಿಗೆ 30 ಲಕ್ಷ ಆದೇಶ, ಸ್ಥೂಲವಾಗಿ ಒಂದು ಒಳ್ಳೆಯ 286 ಯಂತ್ರದ ಕಾಲ (286, 386, 486 ಎಲ್ಲ 8086ರ ನಂತರ ಒಂದರ ಹಿಂದೊಂದು ಬಂದ ಚಿಪ್‌ಗಳು). 0.74ರ 'ಆಟೊ' ಸೆಟ್ಟಿಂಗ್‌ನಲ್ಲಿ ಸಾದಾ ಆಟಗಳಿಗೆ ಈ 3000 ಸಿಗುತ್ತದೆ. ಪ್ರೊಟೆಕ್ಟೆಡ್ ಮೋಡ್ ಎಂಬ ಮುಂದುವರಿದ ಸ್ಥಿತಿಗೆ ಹೋಗುವ 1993ರ ಡೂಮ್‌ನಂಥ ಆಟಗಳಿಗೆ ನಿಮ್ಮ ಯಂತ್ರ ಎಳೆಯಬಲ್ಲಷ್ಟು ಸಿಗುತ್ತದೆ.

ಆಟ ತೆವಳುತ್ತಿದ್ದರೆ ಕಂಟ್ರೋಲ್ ಎಫ್12 ಒತ್ತಿ ಏರಿಸಿ, ಹುಚ್ಚಾಗಿ ಓಡುತ್ತಿದ್ದರೆ ಕಂಟ್ರೋಲ್ ಎಫ್11 ಒತ್ತಿ ಇಳಿಸಿ. 1990ರ ವಿಂಗ್ ಕಮಾಂಡರ್ ಇದಕ್ಕೆ ಪಾಠದಂಥ ಉದಾಹರಣೆ. 386ರ ಕಾಲಕ್ಕೆ ಬರೆದ ಅದು ಯಂತ್ರದ ವೇಗವನ್ನೇ ಗಡಿಯಾರ ಎಂದುಕೊಂಡಿತ್ತು, 486 ಬಂದ ಕೂಡಲೇ ಶತ್ರು ನೌಕೆಗಳು ಸೊಳ್ಳೆಗಳಂತೆ ಹಾರತೊಡಗಿದವು. ಇಂಥ ಆಟಕ್ಕೆ 'ಫಿಕ್ಸ್ಡ್ 3000'ದಿಂದ ಶುರು ಮಾಡಿ, ಕೈಗೆ ಹಿತವಾಗುವವರೆಗೆ ಮೆಲ್ಲಗೆ ಏರಿಸಿ.

ಶಬ್ದ ಒಡೆದು ಒಡೆದು ಬರುತ್ತಿದೆ ಎಂದಾಗ ಎಲ್ಲರೂ ಮಾಡುವ ತಪ್ಪೆಂದರೆ ಸೈಕಲ್ಸ್ ಇನ್ನೂ ಏರಿಸುವುದು. ಅದು ಬಹುಮಟ್ಟಿಗೆ ತದ್ವಿರುದ್ಧ ಔಷಧ. ನಟಿಸಬೇಕಾದ ಯಂತ್ರದ ಭಾರವನ್ನು ನಿಜವಾದ ಯಂತ್ರ ಹೊರಲಾರದಾದಾಗ ಮೊದಲು ಹರಿಯುವುದು ಶಬ್ದವೇ. ಇಳಿಸಿ ನೋಡಿ. ಇಳಿಸಿದಾಗ ಶಬ್ದ ಶುದ್ಧವಾಗಿ ಆಟ ನಿಧಾನವಾದರೆ, ನಿಮ್ಮ ಕಂಪ್ಯೂಟರಿನ ಮಿತಿ ಸಿಕ್ಕಿತು.

ಹೊಸ ಮ್ಯಾಕ್‌ನಲ್ಲಿ ಮಿತಿ ಇಷ್ಟು ಬೇಗ ಸಿಗಬಾರದು. ಸಿಕ್ಕರೆ ಆ್ಯಕ್ಟಿವಿಟಿ ಮಾನಿಟರ್ ತೆರೆದು ಡಾಸ್‌ಬಾಕ್ಸ್‌ನ ಮುಂದೆ 'ಇಂಟೆಲ್' ಎಂದಿದೆಯೋ 'ಆ್ಯಪಲ್' ಎಂದಿದೆಯೋ ನೋಡಿ. ಇಂಟೆಲ್ ಎಂದಿದ್ದರೆ ಡಾಸ್‌ಬಾಕ್ಸ್ ಆಟದ ಮಾತನ್ನು ಇಂಟೆಲ್ ಭಾಷೆಗೆ ತಿರುಗಿಸುತ್ತಿದೆ, ಮ್ಯಾಕ್‌ನ ಸ್ವಂತ ಅನುವಾದಕ ರೊಸೆಟಾ ಅದನ್ನು ಮತ್ತೆ ಆ್ಯಪಲ್ ಚಿಪ್‌ನ ಭಾಷೆಗೆ ತಿರುಗಿಸುತ್ತಿದೆ. ಇಬ್ಬರು ದುಭಾಷಿಗಳ ಮೂಲಕ ಜಗಳವಾಡಿದ ಹಾಗೆ. ಆ್ಯಪಲ್ ಚಿಪ್‌ಗೆಂದೇ ಕಟ್ಟಿದ ಆವೃತ್ತಿಯನ್ನು ಹಾಕಿಕೊಳ್ಳಿ, ಸ್ಟೇಜಿಂಗ್‌ನಲ್ಲಿ ಅದು ಸಿಗುತ್ತದೆ.

'ರನ್‌ಟೈಮ್ ಎರರ್ 200' ಎಂದು ಹೇಳಿ ಸಾಯುವ ಆಟಗಳ ಕಥೆ ನನಗೆ ಬಲು ಇಷ್ಟ. ಇವು ಟರ್ಬೊ ಪಾಸ್ಕಲ್‌ನಲ್ಲಿ ಬರೆದವು. ಅದರ ಒಂದು ಭಾಗ ಶುರುವಿನಲ್ಲೇ ಗಡಿಯಾರದ ಒಂದು ಬಡಿತದಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ಎಷ್ಟು ಸುತ್ತು ಎಣಿಸಬಲ್ಲೆ ಎಂದು ಅಳೆದು, ಬಂದದ್ದನ್ನು 55ರಿಂದ ಭಾಗಿಸುತ್ತದೆ. ಉತ್ತರ 65,535ರೊಳಗೆ ಇರುತ್ತದೆ ಎಂಬುದು ಬರೆದವರ ನಂಬಿಕೆ. ಯಂತ್ರ ವೇಗವಾದಾಗ ಉತ್ತರ ಆ ಪಾತ್ರೆಯಲ್ಲಿ ಹಿಡಿಯುವುದಿಲ್ಲ, ಚಿಪ್ ಭಾಗಾಕಾರ ತಪ್ಪಿತು ಎಂದು ಕೂಗುತ್ತದೆ, ಪಾಸ್ಕಲ್ ಅದನ್ನು ಸೊನ್ನೆಯಿಂದ ಭಾಗಿಸಿದ ತಪ್ಪು ಎಂದು ವರದಿ ಮಾಡುತ್ತದೆ. ಸೊನ್ನೆಯ ತಪ್ಪೇನೂ ಇಲ್ಲ. ಯಾರದೋ ಮಾತು ಕೇಳಿ ಎಲ್ಲ ಆಟಗಳಿಗೂ 'ಮ್ಯಾಕ್ಸ್' ಇಟ್ಟವರಿಗೆ ಇದು ಹೆಚ್ಚಾಗಿ ಬರುತ್ತದೆ. ಕಡಿಮೆ ಸೈಕಲ್ಸ್‌ನಲ್ಲಿ ಆಟ ತೆರೆಯಿರಿ, ಅದು ಅಳೆದು ಮುಗಿಸಿದ ಮೇಲೆ ಬೇಕಾದರೆ ಏರಿಸಿ.

ಶಬ್ದವಿಲ್ಲ, ಅಥವಾ ಒಂದೇ ತುಣುಕು ಕೂಗುತ್ತದೆ

ಇಲ್ಲಿ ಜಗಳ ಎರಡನೆಯ ಮತ್ತು ಮೂರನೆಯ ಯಂತ್ರಗಳ ನಡುವೆ. ಡಾಸ್ ಕಾಲದಲ್ಲಿ ಸೌಂಡ್ ಕಾರ್ಡ್ ಎಲ್ಲಿದೆ ಎಂದು ಆಟಕ್ಕೆ ನಾವೇ ಹೇಳಿಕೊಡಬೇಕಿತ್ತು. ಡಾಸ್‌ಬಾಕ್ಸ್ ತಾನಾಗಿ ಕಟ್ಟಿಕೊಡುವ ಸೌಂಡ್ ಬ್ಲಾಸ್ಟರ್ ಕಾರ್ಡ್‌ನ ವಿಳಾಸ 220, ಐ.ಆರ್.ಕ್ಯು. (ಕಾರ್ಡ್ ಚಿಪ್‌ನ ಗಮನ ಸೆಳೆಯುವ ತಂತಿ) 7, ಡಿ.ಎಂ.ಎ. (ಶಬ್ದದ ದತ್ತಾಂಶ ಸಾಗುವ ದಾರಿ) 1. ಅನೇಕ ಆಟಗಳ ಸೆಟಪ್ ಮಾತ್ರ ಐ.ಆರ್.ಕ್ಯು. 5 ಎಂದೇ ಊಹಿಸಿಕೊಂಡಿರುತ್ತದೆ. ಕಾರ್ಡ್ ಒಂದು ಬಾಗಿಲು ತಟ್ಟುತ್ತದೆ, ಆಟ ಇನ್ನೊಂದು ಬಾಗಿಲಲ್ಲಿ ಕಿವಿಯಿಟ್ಟು ಕೂತಿರುತ್ತದೆ. ಪರಿಣಾಮ, ಮೊದಲ ಶಬ್ದದಲ್ಲೇ ಆಟ ಹೆಪ್ಪುಗಟ್ಟುತ್ತದೆ, ಇಲ್ಲವೇ ಅರ್ಧ ಸೆಕೆಂಡಿನ ತುಣುಕೊಂದು ಗೀರುಬಿದ್ದ ತಟ್ಟೆಯಂತೆ ಸುತ್ತುತ್ತದೆ. ಆಟದ ಫೋಲ್ಡರಿನಲ್ಲಿ 'ಸೆಟಪ್' ಅಥವಾ 'ಇನ್‌ಸ್ಟಾಲ್' ಎಂಬ ಪ್ರೋಗ್ರಾಮ್ ಇರುತ್ತದೆ, ಅದನ್ನು ಓಡಿಸಿ ಸಂಖ್ಯೆಗಳನ್ನು ಹೊಂದಿಸಿ. ಆಟ ಜಿಗುಟಾಗಿ 5 ಎಂದೇ ಕೂತರೆ ಡಾಸ್‌ಬಾಕ್ಸ್‌ನ ಸೆಟ್ಟಿಂಗ್ ಅನ್ನೇ 5 ಮಾಡಿ. ಯಾರು ಸೋತರೂ ಪರವಾಗಿಲ್ಲ, ಇಬ್ಬರೂ ಒಂದೇ ಸಂಖ್ಯೆ ಹೇಳಬೇಕು.

ಗುಂಡಿನ ಸದ್ದು ಬರುತ್ತದೆ, ಸಂಗೀತ ಮಾತ್ರ ಇಲ್ಲ ಎಂದಾದರೆ ಸೆಟಪ್‌ನಲ್ಲಿ ಸಂಗೀತಕ್ಕೆ ಜನರಲ್ ಮಿಡಿ ಆಯ್ಕೆಯಾಗಿದೆಯೇ ನೋಡಿ. ಮಿಡಿ ಎಂದರೆ ಸ್ವರಲಿಪಿ ಮಾತ್ರ, ನುಡಿಸುವ ವಾದ್ಯ ಬೇರೆ ಬೇಕು. ಮ್ಯಾಕ್‌ನಲ್ಲಿ ಆ ವಾದ್ಯ ಒಳಗೇ ಇದೆ. ಲಿನಕ್ಸ್‌ನಲ್ಲಿ 0.74 ಬಳಸುವವರು ಫ್ಲೂಯಿಡ್‌ಸಿಂತ್ ಅಥವಾ ಟಿಮಿಡಿಟಿಯನ್ನು ತಾವೇ ಓಡಿಸಿ ಜೋಡಿಸಬೇಕು. ಸ್ಟೇಜಿಂಗ್‌ನಲ್ಲಿ ಫ್ಲೂಯಿಡ್‌ಸಿಂತ್ ಸೇರಿಕೊಂಡೇ ಇದೆ, ವಾದ್ಯಗಳ ದನಿ ತುಂಬಿದ ಸೌಂಡ್‌ಫಾಂಟ್ ಎಂಬ ಒಂದು ಫೈಲ್ ಕೊಟ್ಟರೆ ಆಯಿತು. ಇಷ್ಟೆಲ್ಲ ಬೇಡವೆನಿಸಿದರೆ ಸಂಗೀತಕ್ಕೂ ಆ್ಯಡ್‌ಲಿಬ್ (ಅದೂ ಆ ಕಾಲದ ಸೌಂಡ್ ಕಾರ್ಡ್) ಅಥವಾ ಸೌಂಡ್ ಬ್ಲಾಸ್ಟರ್ ಆಯ್ದುಕೊಳ್ಳಿ. ನಮ್ಮಲ್ಲಿ ಬಹುಪಾಲು ಜನ ಅಂದು ಕೇಳಿದ್ದು ಆ ಡಬ್ಬಾ ದನಿಯನ್ನೇ, ನೆನಪಿಗೆ ಅದೇ ಹೆಚ್ಚು ಹತ್ತಿರ.

ಕೀಲಿ ಮತ್ತು ತೆರೆ

ಮ್ಯಾಕ್‌ನಲ್ಲಿ ಡೂಮ್ ಆಡುತ್ತಿದ್ದೀರಿ, ಕಂಟ್ರೋಲ್ ಒತ್ತಿ ಗುಂಡು ಹಾರಿಸುತ್ತ ಬಾಣದ ಕೀಲಿಯಿಂದ ಎಡಕ್ಕೆ ತಿರುಗಿದಿರಿ, ಇಡೀ ಡೆಸ್ಕ್‌ಟಾಪೇ ಜಾರಿ ಪಕ್ಕದ ಜಾಗಕ್ಕೆ ಹೋಯಿತು. ಆಟದ ದೋಷವಲ್ಲ, ಕಂಟ್ರೋಲ್ ಮತ್ತು ಬಾಣದ ಜೋಡಿಯನ್ನು ಮ್ಯಾಕ್ ತನಗಾಗಿ ಕಾದಿರಿಸಿಕೊಂಡಿದೆ. ಕೀಬೋರ್ಡ್ ಸೆಟ್ಟಿಂಗ್‌ನ ಮಿಷನ್ ಕಂಟ್ರೋಲ್ ಪಟ್ಟಿಯಲ್ಲಿ ಆ ಗುರುತುಗಳನ್ನು ತೆಗೆಯಿರಿ. ಕಂಟ್ರೋಲ್ ಎಫ್11, ಎಫ್12 ಕೆಲಸ ಮಾಡದಿದ್ದರೆ ಜೊತೆಗೆ ಎಫ್‌ಎನ್ ಒತ್ತಿ ನೋಡಿ.

ಲಿನಕ್ಸ್‌ನಲ್ಲಿ ಹಳೆಯ ಡಾಸ್‌ಬಾಕ್ಸ್ ಬಾಣದ ಕೀಲಿಗಳನ್ನು ತಪ್ಪಾಗಿ ಅರ್ಥ ಮಾಡಿಕೊಂಡರೆ 'ಯೂಸ್‌ಸ್ಕ್ಯಾನ್‌ಕೋಡ್ಸ್' ಎಂಬುದನ್ನು 'ಫಾಲ್ಸ್' ಮಾಡಿ. ನಮ್ಮಂಥವರಿಗೆ ಇನ್ನೊಂದು ಅನುಮಾನ ಸದಾ ಇರಲಿ. ಪ್ರಾಂಪ್ಟ್‌ನಲ್ಲಿ ಏನು ಒತ್ತಿದರೂ ಅಕ್ಷರ ಮೂಡುತ್ತಿಲ್ಲವೆಂದರೆ ಕೀಬೋರ್ಡ್ ಕನ್ನಡ ವಿನ್ಯಾಸದಲ್ಲೇ ಉಳಿದಿರಬಹುದು. ಒಂದು ಪತ್ರ ಬರೆದು ಮುಗಿಸಿ ನೇರವಾಗಿ ಆಟಕ್ಕೆ ಕೂತಾಗ ನನಗೆ ಹೀಗೆ ಆಗಿದೆ.

ಮೌಸ್ ಕಿಟಕಿಯೊಳಗೆ ಸಿಕ್ಕಿಕೊಂಡರೆ ಕಂಟ್ರೋಲ್ ಎಫ್10. ಪಕ್ಕದ ಎಫ್9 ತಪ್ಪಿ ಒತ್ತಿದರೆ ಡಾಸ್‌ಬಾಕ್ಸ್ ಕೇಳದೇ ಮುಚ್ಚಿಕೊಳ್ಳುತ್ತದೆ, ಹುಷಾರು.

ಚಿತ್ರ ಅಂಗೈಯಷ್ಟೇ ಕಾಣುತ್ತಿದ್ದರೆ ಅದು ಹೊಸ ತೆರೆಗಳ ಸಾಂದ್ರತೆಯ ಫಲ. 0.74ರಲ್ಲಿ 'ಔಟ್‌ಪುಟ್' ಅನ್ನು 'ಓಪನ್‌ಜಿಎಲ್' ಮಾಡದೆ ಕಿಟಕಿಯ ಅಳತೆ ಬದಲಿಸಿದರೆ ಏನೂ ಆಗದು. ರಾಜಕುಮಾರ ಕುಳ್ಳಗೆ ದಪ್ಪಗೆ ಕಂಡರೆ 'ಆಸ್ಪೆಕ್ಟ್' ಅನ್ನು 'ಟ್ರೂ' ಮಾಡಿ. 320x200ರ ಚಿತ್ರವನ್ನು ಆ ಕಾಲದ 4:3 ತೆರೆ ಉದ್ದಕ್ಕೆ ಎಳೆದು ತೋರಿಸುತ್ತಿತ್ತು, ಚಿತ್ರ ಬರೆದವರೂ ಹಾಗೆಂದೇ ಬರೆದಿದ್ದರು.

ಸಿ.ಡಿ. ಆಟಗಳು

ಸಿ.ಡಿ. ಪ್ರತಿಯನ್ನು 'ಇಮ್‌ಜಿಮೌಂಟ್' ಮೂಲಕ ಸೇರಿಸುವಾಗ ಎರಡು ಕಡೆ ಎಡವುತ್ತಾರೆ. ಐ.ಎಸ್.ಒ. ಪ್ರತಿಯಲ್ಲಿ ದತ್ತಾಂಶ ಮಾತ್ರ ಇರುತ್ತದೆ, ಹಾಡಿನ ಟ್ರ್ಯಾಕ್‌ಗಳು ಬರುವುದಿಲ್ಲ. ಸಂಗೀತ ಬೇಕಾದರೆ ಕ್ಯೂ ಮತ್ತು ಬಿನ್ ಜೋಡಿಯೇ ಬೇಕು. ಆ ಕ್ಯೂ ಫೈಲ್ ಬರೀ ಪಠ್ಯ, ಅದರೊಳಗೆ ಬಿನ್ ಫೈಲಿನ ಹೆಸರು ದೊಡ್ಡಕ್ಷರದಲ್ಲಿದ್ದು ಡಿಸ್ಕ್‌ನಲ್ಲಿ ಸಣ್ಣಕ್ಷರದಲ್ಲಿದ್ದರೆ ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ. ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಓಡುವ ಅದೇ ಜೋಡಿ ಲಿನಕ್ಸ್‌ನಲ್ಲಿ ಮುನಿಸಿಕೊಳ್ಳುವುದು ಇದರಿಂದ.

ನೆನಪಿನ ತಕರಾರು

'ಪ್ಯಾಕ್ಡ್ ಫೈಲ್ ಈಸ್ ಕರಪ್ಟ್' ಎಂದು ಕಂಡರೆ ಫೈಲನ್ನು ಮತ್ತೆ ಇಳಿಸಿಕೊಳ್ಳಲು ಓಡಬೇಡಿ, ಅದು ಹಾಳಾಗಿರುವುದು ಅಪರೂಪ. ಫೈಲನ್ನು ಕುಗ್ಗಿಸಿಡುತ್ತಿದ್ದ ಹಳೆಯ ಸಾಧನವೊಂದರಲ್ಲಿ ದೋಷವಿತ್ತು, ಯಂತ್ರದ ನೆನಪಿನ (ಮೆಮೊರಿಯ) ಮೊದಲ 64 ಕೆ.ಬಿ.ಯೊಳಗೆ ಪ್ರೋಗ್ರಾಮ್ ಕೂತರೆ ಅದು ಬಿಚ್ಚಿಕೊಳ್ಳಲಾರದು. ಆ ಕಾಲದಲ್ಲಿ ಅಷ್ಟು ಕೆಳಗಿನ ಜಾಗ ಖಾಲಿ ಇರುತ್ತಿದ್ದದ್ದೇ ಅಪರೂಪ. ಡಾಸ್‌ಬಾಕ್ಸ್ ಉದಾರವಾಗಿ ಖಾಲಿ ಬಿಟ್ಟು ತೊಂದರೆ ತಂದಿದೆ. ಆಟದ ಹೆಸರಿನ ಮುಂದೆ 'ಲೋಡ್‌ಫಿಕ್ಸ್' ಸೇರಿಸಿ ಓಡಿಸಿದರೆ ಆ 64 ಕೆ.ಬಿ.ಯನ್ನು ಅದು ತುಂಬಿಬಿಡುತ್ತದೆ.

ಇಷ್ಟೆಲ್ಲ ಹೆಣಗುವ ಮೊದಲು ಡಾಸ್‌ಬಾಕ್ಸ್ ಬೇಕೇ ಎಂದೂ ಕೇಳಿಕೊಳ್ಳಿ. ಡೂಮ್‌ನ ಮೂಲ ಸಂಕೇತ (ಸೋರ್ಸ್ ಕೋಡ್) 1997ರಲ್ಲೇ ಬಿಡುಗಡೆಯಾಗಿ ಮ್ಯಾಕ್ ಮತ್ತು ಲಿನಕ್ಸ್‌ಗೆ ನೇರ ಆವೃತ್ತಿಗಳಿವೆ. ಸಾಹಸ ಕಥೆಗಳ ಆಟಗಳಲ್ಲಿ ಅನೇಕವನ್ನು ಸ್ಕಮ್‌ವಿಎಂ ಓಡಿಸುತ್ತದೆ. ಪ್ರಿನ್ಸ್‌ನ ಡಾಸ್ ಆವೃತ್ತಿಯನ್ನೇ ಬಿಚ್ಚಿ ಕಟ್ಟಿದ ಎಸ್‌ಡಿಎಲ್‌ಪಾಪ್ ಇದೆ. ಭಾವ ಒಪ್ಪಲಿಲ್ಲ. ಡಾಸ್ ಪ್ರಾಂಪ್ಟ್‌ನಲ್ಲಿ 'ಪ್ರಿನ್ಸ್ ಮೆಗಾಹಿಟ್' ಎಂಬ ಚೀಟ್ ಆದೇಶವನ್ನು ಟೈಪ್ ಮಾಡಿ ಮಗನ ಮುಂದೆ ಮೀಸೆ ತಿರುವಬೇಕಿತ್ತು.

ಎಲ್ಲ ಸರಿಹೋದ ರಾತ್ರಿ ಅವರು ಮತ್ತೆ ಫೋನ್ ಮಾಡಿದರು. "ಮೊದಲ ಹಂತ ಮುಗಿಯುತ್ತದೆ, ಆಮೇಲೆ ಬರೀ ಬಾಟಲಿಗಳಿರುವ ಕೋಣೆ ಬರುತ್ತದೆ. ಒಂದನ್ನು ಕುಡಿದರೆ ಪ್ರಾಣ ಅರ್ಧ ಹೋಗುತ್ತದೆ, ಇನ್ನೊಂದು ಕುಡಿದರೆ ಸಾಯುತ್ತಾನೆ. ಸೈಕಲ್ಸ್ ಇಳಿಸಲೇ?" ಎಂದರು. ಇಳಿಸಬೇಕಿಲ್ಲ. ಅದು ಕಳ್ಳ ಪ್ರತಿಗಳನ್ನು ತಡೆಯಲು ಇಟ್ಟ ಕಾವಲು: ಆಟದ ಪುಸ್ತಿಕೆಯ ಇಂತಿಷ್ಟನೆಯ ಪುಟ, ಸಾಲು, ಪದದ ಮೊದಲ ಅಕ್ಷರ ಯಾವುದೋ ಆ ಅಕ್ಷರದ ಬಾಟಲಿಯನ್ನೇ ಕುಡಿಯಬೇಕು. ನಮ್ಮ ಶಾಲೆಯ ಪ್ರತಿಯಲ್ಲಿ ಆ ಕೋಣೆಯೇ ಇರಲಿಲ್ಲ ಎಂದು ಅವರು ವಾದಿಸಿದರು. ಇರಲಿಲ್ಲ ನಿಜ, ಏಕೆ ಇರಲಿಲ್ಲ ಎಂಬುದನ್ನು ನಾನು ಮಗನ ಎದುರು ವಿವರಿಸಲಿಲ್ಲ.